ಹೋಗಿದೆ ನೋಡಿ ಸರ್

ಸಿಗ್ನಲ್ಲಿನಲ್ಲಿ ನಿಂತಿದ್ದೆ. ಕೆಂಪು ದೀಪದ ಪಕ್ಕದ ಅಂಕಿ ಒಂಬತ್ತು, ಎಂಟು ಎಂದು ಇಳಿಯುತ್ತಿತ್ತು. ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತ ಬೈಕಿನವನೊಬ್ಬ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. "ಸರ್, ಹಿಂದಿನ ಟೈರ್ ಹೋಗಿದೆ ನೋಡಿ" ಎಂದ. ನಾನು ತಿರುಗಿ "ಎಷ್ಟು ಹೋಗಿದೆ?" ಎಂದು ಕೇಳುವಷ್ಟರಲ್ಲಿ ಹಸಿರು ಬಂತು. ಟೈರು ಹೋಗಿತ್ತೋ ಇಲ್ಲವೋ, ಹೇಳಿದವನಂತೂ ಹೋದ.

ಈ ಜಾತಿಯ ಉಪಕಾರಿಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಸಣ್ಣ ಸಿಟ್ಟಿದೆ. "ಸ್ಟ್ಯಾಂಡ್, ಸ್ಟ್ಯಾಂಡ್" ಎಂದು ಕೂಗಿಕೊಂಡು ಹೋಗುವವರು ಪರವಾಗಿಲ್ಲ. ಕಾಲಿನಿಂದ ಒಮ್ಮೆ ಒದ್ದರೆ ಸ್ಟ್ಯಾಂಡು ಮೇಲೆ ಹೋಗುತ್ತದೆ, ಅವರ ಋಣ ಅಲ್ಲಿಗೆ ತೀರುತ್ತದೆ. "ಇಂಡಿಕೇಟರ್" ಎಂದು ಬೈಯುವವರೂ ಸರಿಯೇ. ಆದರೆ ಟೈರಿನ ಸುದ್ದಿ ಹೇಳಿ ಓಡಿಹೋಗುವುದು ಯಾವ ನ್ಯಾಯ? ಡಾಕ್ಟರು "ನಿಮಗೊಂದು ಕಾಯಿಲೆ ಇದೆ" ಎಂದು ಹೇಳಿ ಲಿಫ್ಟ್ ಹತ್ತಿ ಇಳಿದುಹೋದ ಹಾಗೆ. ಇಡೀ ದಾರಿ ನನ್ನ ಬೆನ್ನ ಹಿಂದೆ ಏನೋ ಹೋಗಿದೆ ಎಂಬ ಭಾವನೆಯಲ್ಲೇ ಮನೆ ಸೇರಿದೆ.

‘ಹೋಗಿದೆ’ ಅನ್ನುವಷ್ಟು ಸೋಮಾರಿ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಕರೆಂಟು ಹೋಗಿದೆ. ಗಂಟಲು ಹೋಗಿದೆ. ಬಲ್ಬು ಹೋಗಿದೆ. ಮಾನ ಹೋಗಿದೆ. ಬಲ್ಬು ಹೋದರೆ ಕತ್ತಲಾಗುತ್ತದೆ, ಗೊತ್ತಾಗುತ್ತದೆ. ಕರೆಂಟು ಹೋದರೆ ಪಕ್ಕದ ಮನೆಯಲ್ಲೂ ಹೋಗಿದೆಯಾ ಎಂದು ಕಿಟಕಿಯಿಂದ ಇಣುಕಿ ಸಮಾಧಾನ ಪಡುತ್ತೇವೆ. ಟೈರು ಹಾಗಲ್ಲ. ಅದು ಹೋಗುತ್ತಲೇ ಇರುತ್ತದೆ. ತಂದು ಹಾಕಿದ ದಿನವೇ ಹೋಗಲು ಶುರು ಮಾಡಿರುತ್ತದೆ. ಹೀಗೆ ದಿನಾ ಹೋಗುತ್ತಿರುವ ವಸ್ತು ಯಾವ ದಿನ, ಎಷ್ಟು ಗಂಟೆಗೆ ‘ಹೋಗಿದೆ’ ಆಯಿತು? ಇದನ್ನು ಇತ್ಯರ್ಥ ಮಾಡಿಬಿಡೋಣ ಎಂದೇ ಈಗ ಬರೆಯಲು ಕೂತಿದ್ದೇನೆ. ನೋಡೋಣ.

ಮನೆಗೆ ಬಂದವನೇ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಟೈರಿನ ವಿಷಯದಲ್ಲಿ ಅದು ಉಲ್ಟಾ. ದೂರದಿಂದ ಗೆರೆಗಳೆಲ್ಲ ಕಾಣುತ್ತವೆ. ಹತ್ತಿರ ಹೋಗಿ ಕೂತರೆ ನುಣ್ಣಗೆ. ಪೂರ್ತಿ ನುಣ್ಣಗೆ ಅಂತಲೂ ಅಲ್ಲ. ಬೆಳಕಿಗೆ ಹಿಡಿದರೆ ಇದೆ, ನೆರಳಿಗೆ ಬಂದರೆ ಇಲ್ಲ.

ಇಂಥ ಸಂದರ್ಭಕ್ಕೆ ಅಂತಲೇ ನಮ್ಮ ಮನೆಯಲ್ಲಿ ಒಬ್ಬರು ಭಾವ ಇದ್ದಾರೆ. ಅವರದು ಹೆಬ್ಬೆರಳಿನ ಶಾಸ್ತ್ರ. ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚುತ್ತಾರೆ. ನಾಡಿ ನೋಡುವವರ ಗಾಂಭೀರ್ಯ. ಆಮೇಲೆ ಕಣ್ಣು ಬಿಟ್ಟು, "ಇನ್ನೂ ಐದು ಸಾವಿರ ಓಡುತ್ತೆ ಬಿಡೋ" ಅನ್ನುತ್ತಾರೆ. ಯಾವ ಟೈರಿಗೂ ಅವರು ಐದು ಸಾವಿರಕ್ಕಿಂತ ಕಡಿಮೆ ಹೇಳಿದ್ದನ್ನು ನಾನು ಕೇಳಿಲ್ಲ.

"ಹಾಗಾದ್ರೆ ಯಾವಾಗ ಹೋಯ್ತು ಅಂತ ಲೆಕ್ಕ, ಭಾವ?" ಎಂದು ಕೇಳಿದೆ.

"ದಾರ ಕಾಣಬೇಕು. ದಾರ ಕಾಣೋವರೆಗೂ ಅದು ಟೈರು. ದಾರ ಕಂಡ ಮೇಲೆ ಚಾಪೆ."

ಮಳೆಯಲ್ಲಿ ಜಾರುವುದಿಲ್ಲವಾ ಎಂದರೆ ಅವರ ಹತ್ತಿರ ಅದಕ್ಕೂ ಉತ್ತರ ಇದೆ. "ರೇಸಿನವರು ಬೋಳು ಟೈರಿನಲ್ಲೇ ಓಡಿಸೋದು, ನೋಡಿಲ್ವಾ? ಬೋಳಿದ್ದಷ್ಟೂ ಹಿಡಿತ ಜಾಸ್ತಿ." ಇಲ್ಲಿ ಒಂದು ತೊಂದರೆ ಇದೆ. ಅವರು ಹೇಳುವುದು ಅರ್ಧ ನಿಜ. ಒಣ ರಸ್ತೆಯಲ್ಲಿ ಗೆರೆಗೆ ದೊಡ್ಡ ಕೆಲಸವೇನೂ ಇಲ್ಲ, ನೆಲಕ್ಕೆ ತಾಗುವ ರಬ್ಬರಿಗೆ ಕೆಲಸ. ಗೆರೆ ಇರುವುದು ನೀರು ಹೊರಗೆ ಹೋಗಲಿ ಎಂದು. ಆದರೆ ರೇಸಿನ ಬೋಳು ಟೈರು ಹುಟ್ಟುತ್ತಲೇ ಬೋಳು. ಅದರ ರಬ್ಬರೇ ಬೇರೆ. ಮೆತ್ತಗೆ, ಬಿಸಿಯಾದರೆ ಅಂಟಂಟು. ನಮ್ಮದು ಸವೆದು ಬೋಳಾದದ್ದು. ನಾನು ಇಷ್ಟನ್ನೂ ಹೇಳಿ, "ಮೋಟೋಜಿಪಿ ಬೈಕ್ ರೇಸಿನಲ್ಲಿ ನಡುವೆ ಮಳೆ ಬಂದ್ರೆ ಸವಾರರು ಒಳಗೆ ಬಂದು ಬೈಕನ್ನೇ ಬದಲಾಯಿಸಿಕೊಂಡು ಹೋಗ್ತಾರೆ ಭಾವ, ಮಳೆ ಟೈರು ಹಾಕಿರೋ ಬೈಕು ಸಿದ್ಧ ಇರುತ್ತೆ" ಎಂದೆ.

"ಸರಿ ಮತ್ತೆ. ಮಳೆ ಬಂದ್ರೆ ನಾನೂ ಬೈಕು ಬಿಟ್ಟು ಬಸ್ಸಿನಲ್ಲಿ ಹೋಗ್ತೀನಿ. ಅದೇ ಅಲ್ವಾ?"

ಭಾವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಆದರೆ ಅವರ ಹೆಬ್ಬೆರಳು ಒಮ್ಮೆ ಸೋತದ್ದನ್ನು ನಾನೇ ನೋಡಿದ್ದೇನೆ. ಅವರ ಚಿಕ್ಕಪ್ಪ ಕೊಟ್ಟ ಹಳೇ ಬೈಕೊಂದು ಶೆಡ್ಡಿನಲ್ಲಿ ಬಹಳ ಕಾಲ ಮಲಗಿತ್ತು. ಅದನ್ನು ಹೊರಗೆ ತೆಗೆದು ಧೂಳು ಒರೆಸಿದರೆ, ಟೈರಿನ ಗೆರೆಗಳು ನಿನ್ನೆ ಅಂಗಡಿಯಿಂದ ಬಂದಷ್ಟು ಆಳ. ಭಾವನ ಮುಖ ಅರಳಿತು. ಹೆಬ್ಬೆರಳು ಒತ್ತಿದರು. ಹೆಬ್ಬೆರಳು ಹಿಂದೆ ಬಂತು. ಕಲ್ಲು! ಟೈರಿನ ಪಕ್ಕದಲ್ಲಿ ನೋಡಿದರೆ ಬತ್ತಿದ ಕೆರೆಯ ತಳದ ಹಾಗೆ ಬಿರುಕು. ನಾನು ಮೊಣಕಾಲೂರಿ ಟೈರು ಹುಟ್ಟಿದ ದಿನ ಹುಡುಕಿದೆ. ಈಗಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ. ಇದರಲ್ಲಿ ಮೂರೇ ಅಂಕಿ ಇದ್ದವು: 347. ಅಂದರೆ 2000ಕ್ಕಿಂತ ಮೊದಲಿನದು. ಮೂವತ್ತನಾಲ್ಕನೇ ವಾರ, ಏಳನೇ ವರ್ಷ. ಯಾವ ದಶಕದ ಏಳು ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು. ಆಗಿನವರಿಗೆ ಯಾವ ಟೈರೂ ಹತ್ತು ವರ್ಷ ಉಳಿಯುವುದಿಲ್ಲ ಎಂಬ ನಂಬಿಕೆ ಇತ್ತು ಅಂತ ಕಾಣುತ್ತದೆ. ಪಾಪ, ಅವರಿಗೆ ನನ್ನ ಭಾವನ ಪರಿಚಯ ಇರಲಿಲ್ಲ.

"ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಕಣೋ" ಎಂದರು ಭಾವ, ಮುಖ ಸಣ್ಣದು ಮಾಡಿಕೊಂಡು.

ತಮಾಷೆ ಅಂದರೆ, 1888ರ ಸುಮಾರಿಗೆ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟ ಡನ್‌ಲಪ್ ಸಾಹೇಬರು ಪಶುವೈದ್ಯರು. ಅವರಾಗಿದ್ದರೆ ಖಂಡಿತ ಹಲ್ಲು ನೋಡುತ್ತಿದ್ದರು. ಆಮೇಲೆ ಅವರ ಪೇಟೆಂಟೇ ಬಿದ್ದುಹೋಯಿತು. ಥಾಮ್ಸನ್ ಎಂಬ ಇನ್ನೊಬ್ಬರು 1845ರಲ್ಲೇ ಗಾಳಿ ಟೈರಿಗೆ ಪೇಟೆಂಟು ತೆಗೆದುಕೊಂಡಿದ್ದು ಗೊತ್ತಾಯಿತಂತೆ. ಟೈರು ಎಂಬ ವಸ್ತು ಶುರುವಾದದ್ದು ಯಾವಾಗ ಅನ್ನುವುದರಲ್ಲೇ ಇಷ್ಟು ಗೊಂದಲ ಇರುವಾಗ, ಮುಗಿದದ್ದು ಯಾವಾಗ ಎಂದು ನಾನೊಬ್ಬ ಹೇಗೆ ಹೇಳಲಿ?

ಆ ಶೆಡ್ಡಿನ ಟೈರು ನನ್ನ ತಲೆ ಇನ್ನಷ್ಟು ಕೆಡಿಸಿತು. ರಬ್ಬರಿಗೆ ಬಿರುಕು ಬಿಡದಿರಲಿ ಎಂದು ಒಂದಿಷ್ಟು ರಾಸಾಯನಿಕ, ಒಂದಿಷ್ಟು ಮೇಣ ಬೆರೆಸಿರುತ್ತಾರೆ. ಟೈರು ಉರುಳಿ, ಬಾಗಿ, ಬಳುಕಿದರೆ ಅವು ಹೊರಮೈಗೆ ಬಂದು, ರಬ್ಬರು ಬಿರಿಯುವ ಹಾಗೆ ಮಾಡುವ ಗಾಳಿಯ ಓಝೋನನ್ನು ತಡೆಯುತ್ತವೆ. ನಿಂತಲ್ಲೇ ನಿಂತರೆ ಅಷ್ಟಾಗಿ ಬರುವುದಿಲ್ಲ. ಅಂದರೆ ಓಡಿಸಿದರೆ ಸವೆಯುತ್ತದೆ, ಓಡಿಸದಿದ್ದರೆ ಬಿರಿಯುತ್ತದೆ. ಇಂಥ ವಸ್ತುವನ್ನು ಮನೆಗೆ ತಂದವರೇ ದಡ್ಡರು.

ಭಾವ ಒಂದು ದಡವಾದರೆ ಇನ್ನೊಂದು ದಡ ನನ್ನ ಆಫೀಸಿನ ಗೆಳೆಯ. ಅವನು ಟೈರು ಅರ್ಧ ಸವೆಯುವ ಮೊದಲೇ ತೆಗೆದು ಹಾಕುತ್ತಾನೆ. ಅವನ ಬೈಕು ಯಾವಾಗ ನೋಡಿದರೂ ಮದುವೆಗೆ ಹೊರಟ ಹಾಗಿರುತ್ತದೆ. "ಅನುಮಾನ ಬಂತಾ? ಬದಲಾಯಿಸಿಬಿಡಬೇಕು" ಎಂಬುದು ಅವನ ಮಂತ್ರ. ಕೇಳಲು ಚೆನ್ನಾಗಿದೆ. ಆದರೆ ಅನುಮಾನ ಬಂದದ್ದನ್ನೆಲ್ಲ ಬದಲಾಯಿಸುತ್ತಾ ಹೋದರೆ ನಮ್ಮ ಮನೆಯಲ್ಲಿ ಫ್ರಿಜ್ಜು ಉಳಿಯುವುದಿಲ್ಲ, ಮಿಕ್ಸಿ ಉಳಿಯುವುದಿಲ್ಲ, ಎಡಗಾಲಿನ ಮಂಡಿ ಉಳಿಯುವುದಿಲ್ಲ. ನನ್ನ ಹೆಂಡತಿ ಈ ಮಂತ್ರವನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ನಾನೇ ಉಳಿಯುತ್ತಿರಲಿಲ್ಲ. ಅನುಮಾನ ಇರುವ ವಸ್ತುಗಳ ಜೊತೆ ಬಾಳುವುದಕ್ಕೇ ಸಂಸಾರ ಅನ್ನುವುದು.

ಟೈರು ಮಾಡುವವರು ಇದಕ್ಕೆ ಒಂದು ಗುರುತು ಇಟ್ಟಿದ್ದಾರೆ, ನನಗೂ ಗೊತ್ತು. ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರವೋ ಒಂದು ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಹೋದರೆ ಗೆರೆಯ ತಳದಲ್ಲಿ ಒಂದು ಪುಟ್ಟ ದಿಬ್ಬ. ಟೈರು ಸವೆದು ಆ ದಿಬ್ಬಕ್ಕೆ ಸಮ ಬಂತೋ, ಮುಗಿಯಿತು. ಒಳ್ಳೆಯ ಏರ್ಪಾಡೇ. ಆದರೆ ಕಪ್ಪು ಟೈರಿನ ಕಪ್ಪು ಸಂದಿನೊಳಗೆ ಕಪ್ಪು ದಿಬ್ಬ ಇಟ್ಟವನನ್ನು ನಾನೊಮ್ಮೆ ಭೇಟಿಯಾಗಬೇಕು. ಕೆಂಪು ಬಣ್ಣ ಬಳಿದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಟಾರ್ಚು ಹಿಡಿದು, ಕೆನ್ನೆ ನೆಲಕ್ಕೆ ತಾಗಿಸಿ, ಮಡ್‌ಗಾರ್ಡಿಗೆ ತಲೆ ಬಡಿದುಕೊಂಡು ನೋಡಬೇಕು. ಅಷ್ಟು ಮಾಡಿದ ಮೇಲೆ ನನ್ನ ಟೈರು ದಿಬ್ಬಕ್ಕೆ ಹತ್ತಿರ ಬಂದಿತ್ತು, ಸಮ ಆಗಿರಲಿಲ್ಲ. ‘ಹತ್ತಿರ’ ಎಂದರೆ ಎಷ್ಟು ಹತ್ತಿರ? ಕಾನೂನಿಗೂ ಇದರಲ್ಲಿ ಒಮ್ಮತ ಇಲ್ಲ. ದೊಡ್ಡ ಬೈಕಿಗೆ ಬ್ರಿಟನ್ನಿನಲ್ಲಿ 1 ಮಿಲಿಮೀಟರ್ ಗೆರೆ ಇದ್ದರೆ ಸಾಕು, ಜರ್ಮನಿಯಲ್ಲಿ 1.6 ಬೇಕು. ರಬ್ಬರಿಗೆ ಈ ವಿಷಯ ಯಾರೂ ತಿಳಿಸಿದಂತಿಲ್ಲ.

ನನ್ನ ಗೋಳು ಕೇಳಲಾರದೆ ಗೆಳೆಯ ಒಂದು ಗೇಜು ತಂದುಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ.

ಗೇಜು ಅಂಗೈಯಷ್ಟು ಉದ್ದ. ಒಂದು ತುದಿಯಲ್ಲಿ ಸಣ್ಣ ಕಡ್ಡಿ, ಇನ್ನೊಂದು ಕಡೆ ಅಂಕಿ ತೋರಿಸುವ ಕಿಟಕಿ. ಕಡ್ಡಿಯನ್ನು ಗೆರೆಯೊಳಗೆ ಇಳಿಸಿದರೆ ಆಳ ಎಷ್ಟು ಎಂದು ಮಿಲಿಮೀಟರಿನ ಹತ್ತನೇ ಭಾಗದವರೆಗೆ ಹೇಳುತ್ತದೆ. ನಾನು ಒಂದು ನೋಟ್‌ಬುಕ್ ತೆಗೆದು ಮೇಲೆ ‘ಹಿಂದಿನ ಟೈರು’ ಎಂದು ಬರೆದೆ. ಪ್ರತಿ ಭಾನುವಾರ ಬೆಳಿಗ್ಗೆ ಅಳತೆ. ಮೊದಲ ಭಾನುವಾರ 1.9. ಎರಡನೆಯ ಭಾನುವಾರ 1.8. ಸಂತೋಷವಾಯಿತು. ಒಂದು ಜೀವನಕ್ರಮ ಸಿಕ್ಕಿತು. ಮೂರನೆಯ ಭಾನುವಾರ 2.0.

ಟೈರು ಬೆಳೆಯುತ್ತಿತ್ತು.

ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ನಿನ್ನೆ ನೀರು ಹಾಕಿದ್ಯಲ್ಲ, ಅದಕ್ಕೇ ಇರಬೇಕು" ಎಂದಳು. ಹಿಂದಿನ ದಿನ ನಾನು ಬೈಕು ತೊಳೆದಿದ್ದೆ.

ಆಮೇಲೆ ಗೊತ್ತಾಯಿತು, ಒಂದೇ ಟೈರಿನಲ್ಲಿ ಒಂದೊಂದು ಕಡೆ ಒಂದೊಂದು ಆಳ. ನಡುವಿಗೆ ಒಂದು, ಅಂಚಿಗೆ ಒಂದು. ಹಾಗಾಗಿ ಪ್ರತಿ ಸಲ ಅದೇ ಜಾಗದಲ್ಲಿ ಅಳೆಯಬೇಕು. ಮಗಳ ನೈಲ್ ಪಾಲಿಶ್ ತಂದು ಟೈರಿನ ಪಕ್ಕಕ್ಕೆ ಒಂದು ಕೆಂಪು ಚುಕ್ಕಿ ಇಟ್ಟೆ. ಅದರ ನೇರಕ್ಕೆ ಮೂರು ಕಡೆ ಅಳೆದು, ಕೂಡಿ, ಮೂರರಿಂದ ಭಾಗಿಸಿ ಬರೆಯತೊಡಗಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಮಗಳ ಎತ್ತರ ಕೊನೇ ಸಲ ಅಳೆದಿದ್ದು ಯಾವಾಗ ನೆನಪಿದೆಯಾ?" ಎಂದಳು. ನೆನಪಿರಲಿಲ್ಲ. ಆದರೆ ಅದು ಪ್ರಶ್ನೆ ಅಲ್ಲ ಎಂದು ಗೊತ್ತಾಗುವಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಕೈಯಲ್ಲಿ ಗೇಜು ಇದ್ದರೆ ಮನೆಯಲ್ಲಿ ಸವೆಯದ ವಸ್ತು ಒಂದೂ ಕಾಣುವುದಿಲ್ಲ. ಬಚ್ಚಲಿನ ಚಪ್ಪಲಿಯ ಹಿಮ್ಮಡಿ ಅಳೆದೆ, 0.4. ಚಪ್ಪಲಿಗೆ ಕಾನೂನಿಲ್ಲದ್ದು ಒಳ್ಳೆಯದೇ ಆಯಿತು. ಹಲ್ಲುಜ್ಜುವ ಬ್ರಷ್ಷು, ಪೆನ್ಸಿಲ್ಲಿನ ತುದಿಯ ರಬ್ಬರು, ಮೆಟ್ಟಿಲಿನ ಅಂಚು. ಸೋಪಿನ ಮೇಲಿನ ಅಕ್ಷರದ ಆಳವನ್ನೂ ನೋಡಿದೆ. ಮೂರನೇ ಸ್ನಾನಕ್ಕೆ ಅಕ್ಷರ ಮಾಯ, ಆದರೂ ಸೋಪು ಹೋಗಿದೆ ಎಂದು ಯಾರೂ ಅನ್ನುವುದಿಲ್ಲ. ಅದು ತೆಳ್ಳಗಾಗಿ, ಮುರಿದು, ಚೂರಾದರೂ ಹೊಸ ಸೋಪಿನ ಬೆನ್ನಿಗೆ ಅಂಟಿಸಿ ಮುಂದುವರಿಸುತ್ತೇವೆ. ಟೈರಿಗೂ ಹೀಗೆ ಮಾಡುವುದುಂಟು, ರೀಟ್ರೆಡಿಂಗ್ ಅನ್ನುತ್ತಾರೆ. ಲಾರಿಗೆ ಮಾಡುತ್ತಾರೆ. ವಿಮಾನದ ಟೈರಿಗಂತೂ ಮತ್ತೆ ಮತ್ತೆ ಮಾಡುತ್ತಾರೆ. ನೂರಾರು ಜನರನ್ನು ಹೊತ್ತು ಆಕಾಶದಿಂದ ಇಳಿಯುವ ವಿಮಾನ ಹಳೇ ಟೈರಿಗೆ ಹೊಸ ಚರ್ಮ ಹಾಕಿಕೊಂಡು ಇಳಿಯುತ್ತದೆ. ತರಕಾರಿ ತರಲು ಹೋಗುವ ನನಗೆ ಮಾತ್ರ ಹೊಸದೇ ಬೇಕಂತೆ.

ಮನೆಯದೆಲ್ಲ ಮುಗಿದ ಮೇಲೆ ಗೇಜು ಜೇಬಿನಲ್ಲಿ ನನ್ನ ಜೊತೆ ಹೊರಗೂ ಬರತೊಡಗಿತು. ಒಂದು ದಿನ ಪಾರ್ಕಿಂಗಿನಲ್ಲಿ ನನ್ನ ಬೈಕಿನ ಪಕ್ಕ ಒಂದು ಬೈಕು ನಿಂತಿತ್ತು. ಅದೇ ಅಳತೆಯ ಟೈರು. ಬೇರೆಯವರದು ಎಷ್ಟಿದೆ ಎಂದು ತಿಳಿದುಕೊಳ್ಳುವ ಆಸೆ ಯಾರಿಗೆ ಇರುವುದಿಲ್ಲ ಹೇಳಿ? ಸಂಬಳದ ವಿಷಯದಲ್ಲಿ ಇದೆ, ಮಕ್ಕಳ ಮಾರ್ಕ್ಸಿನ ವಿಷಯದಲ್ಲಿ ಇದೆ. ಎರಡು ಬೈಕುಗಳ ನಡುವೆ ತೂರಿಕೊಂಡು ಕೂತು, ಕಡ್ಡಿ ಇಳಿಸಿ, ಅಂಕಿ ಓದುತ್ತಿದ್ದೆ. ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಏನ್ರೀ, ಗಾಳಿ ಬಿಡ್ತಿದ್ದೀರಾ?"

ಹಿರಿಯರೊಬ್ಬರು. ಕೈಯಲ್ಲಿ ಹೆಲ್ಮೆಟ್ಟು, ಕಣ್ಣಲ್ಲಿ ಬೆಂಕಿ. ನಾನು ಗೇಜು ಎತ್ತಿ ತೋರಿಸಿದೆ. ಗಾಳಿ ಬಿಡುವ ಉಪಕರಣ ತೋರಿಸಿದ ಹಾಗಾಯಿತು. "ಇಲ್ಲ ಸರ್, ಸುಮ್ನೆ ಆಳ ನೋಡ್ತಿದ್ದೆ" ಎಂದೆ. ಈ ವಾಕ್ಯ ನನಗೇ ಸರಿ ಕೇಳಿಸಲಿಲ್ಲ. ಅವರು ಬಗ್ಗಿ ಗಾಳಿಯ ಮುಚ್ಚಳ ಮುಟ್ಟಿ ನೋಡಿದರು. ಬಿಗಿಯಾಗಿತ್ತು. ಆಮೇಲೆ ಗೇಜಿನ ಕಿಟಕಿ ನೋಡಿದರು. ಬೆಂಕಿ ಸ್ವಲ್ಪ ತಣ್ಣಗಾಯಿತು.

"ಎಷ್ಟು ತೋರಿಸ್ತು?"

"3.1 ಸರ್."

"ನಡುವೆಯೋ, ಅಂಚಿಗೋ?"

ನಾನು ನೋಡಿದ್ದು ಅಂಚಿಗೆ. ಅವರು ತಲೆ ಅಲ್ಲಾಡಿಸಿ, ಪ್ಯಾಂಟು ಮೇಲೆಳೆದುಕೊಂಡು, ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಗೇಜು ಇಸಕೊಂಡು ನಡುವೆ ಇಟ್ಟರು, 2.9. "ಹೀಗಿರಬೇಕು" ಎಂದರು. "ಎಲ್ಲ ಕಡೆ ಒಂದೇ ಥರ ಸವೆದ್ರೆ ಅದು ಸವಾರಿ. ಎಲ್ಲಿ, ನಿಮ್ದು ಯಾವುದು?"

ತೋರಿಸಿದೆ. ಬಹಳ ಹೊತ್ತು ನೋಡಿದರು. ಕೆಂಪು ಚುಕ್ಕಿಯನ್ನು ಒಮ್ಮೆ ಮುಟ್ಟಿ ನೋಡಿದರು, ಏನೂ ಕೇಳಲಿಲ್ಲ. ನಡುವೆ ಅಂಗೈ ಇಟ್ಟು ಸವರಿದರು. ನಡುಭಾಗ ಚಪ್ಪಟೆಯಾಗಿತ್ತು, ಮಣೆಯ ಹಾಗೆ. ಆಮೇಲೆ ಅಂಚಿನಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದು ಎಳೆದರು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಎಳೆ ಎಳೆ ರಬ್ಬರು ಕೂದಲು ಇರುತ್ತವಲ್ಲ, ಅದು.

"ನಿಮ್ಮ ಟೈರಿನ ಅಂಚಿನಲ್ಲಿ ಇನ್ನೂ ಹುಟ್ಟುಗೂದಲು ಇದೆಯಲ್ರೀ! ತಿರುವಿನಲ್ಲಿ ಗಾಡಿ ಬಾಗಿಸೋದೇ ಇಲ್ವಾ? ನೆಟ್ಟಗೆ ಹೋಗಿ ನೆಟ್ಟಗೆ ಬರೋದಾ?"

ಆ ಮಾತು ನನಗೆ ನಾಟಿತು. ನೆಟ್ಟಗೆ ಆಫೀಸಿಗೆ, ನೆಟ್ಟಗೆ ಮನೆಗೆ. ಇಷ್ಟು ವರ್ಷದಿಂದ ನಾನು ಮಾಡಿದ್ದು ಇದನ್ನೇ. ಅದನ್ನು ಟೈರು ಒಂದಕ್ಷರ ಬಿಡದೆ ಬರೆದಿಟ್ಟುಕೊಂಡಿತ್ತು. ನಡುವೆ ಬೋಳು, ಎರಡೂ ಪಕ್ಕ ಕೂದಲು. "ಇಂಥ ತಲೆಗಳನ್ನ ನೋಡಿದ್ದೀನಿ, ಟೈರು ಇದೇ ಮೊದಲು" ಎಂದು ಅವರು ನಕ್ಕರು. ನಾನೂ ನಕ್ಕೆ. ಹೆಲ್ಮೆಟ್ಟು ಮಾತ್ರ ತೆಗೆಯಲಿಲ್ಲ.

"ಹಾಗಾದ್ರೆ ಹೋಗಿದೆ ಅಂತೀರಾ ಸರ್?"

"ನಿಮಗೇನನ್ನಿಸುತ್ತೆ?" ಎಂದು ಕೇಳಿ, ಬೈಕು ಹತ್ತಿ, ಮೊದಲ ತಿರುವಿನಲ್ಲೇ ಬೇಕಂತಲೇ ಚೆನ್ನಾಗಿ ಬಾಗಿಸಿಕೊಂಡು ಹೋದರು. ಇವರೂ ಅದೇ ಜಾತಿ. ಸಿಗ್ನಲ್ಲಿನವನು ಉತ್ತರ ಹೇಳಿ ಓಡಿದ, ಇವರು ಪ್ರಶ್ನೆ ಕೇಳಿ ಓಡಿದರು, ಅಷ್ಟೇ.

ಅವತ್ತು ರಾತ್ರಿ ನಿದ್ದೆ ಬರದೆ ಏನೇನೋ ಓದಿದೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಯುಬುಲಿಡಿಸ್ ಎಂಬ ಗ್ರೀಕ್ ಪಂಡಿತ ಇದನ್ನೇ ತಲೆಗೂದಲಿನ ಮೇಲೆ ಕೇಳಿದ್ದನಂತೆ. ಒಂದು ಕೂದಲು ಉದುರಿದರೆ ಬೋಳಲ್ಲ. ಇನ್ನೊಂದು ಉದುರಿದರೂ ಅಲ್ಲ. ಹಾಗಾದರೆ ಯಾವ ಕೂದಲು ಉದುರಿದಾಗ ಮನುಷ್ಯ ಬೋಳನಾಗುತ್ತಾನೆ? ಎರಡು ಸಾವಿರ ವರ್ಷಕ್ಕೂ ಮೇಲಾಯಿತು, ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಅವರಿಗೇನು, ಮಾರನೇ ದಿನ ಮಳೆಯಲ್ಲಿ ಬೈಕು ಓಡಿಸಬೇಕಾಗಿರಲಿಲ್ಲ.

ಮಗಳಿಗೆ ಇದನ್ನು ಹೇಳಿದೆ. ಅವಳು ಗ್ರೀಕ್ ಪಂಡಿತನನ್ನು ಬಿಟ್ಟು ಟೈರನ್ನು ಹಿಡಿದುಕೊಂಡಳು. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಶುರು ಮಾಡಿದಳು. "ಚಕ್ರ ಒಂದು ಸುತ್ತು ಸುತ್ತಿದ್ರೆ ಎಷ್ಟು ದೂರ ಹೋಗುತ್ತಪ್ಪಾ?" ಸುಮಾರು ಎರಡು ಮೀಟರ್ ಎಂದೆ. "ಹೊಸದರಿಂದ ಇಲ್ಲಿಯವರೆಗೆ ಎಷ್ಟು ಓಡಿದೆ?" ಹದಿನೈದು ಸಾವಿರ ಕಿಲೋಮೀಟರ್ ಅಂತಿಟ್ಟುಕೋ ಎಂದೆ. "ಸವೆದಿದ್ದು?" ಆರು ಮಿಲಿಮೀಟರ್. ಅವಳು ಸೊನ್ನೆಗಳನ್ನು ಹೊಡೆಯುತ್ತಾ ಹೋದಳು. ಎಪ್ಪತ್ತೈದು ಲಕ್ಷ ಸುತ್ತು. ಆರು ಮಿಲಿಮೀಟರನ್ನು ಅಷ್ಟರಿಂದ ಭಾಗಿಸಿದರೆ ಒಂದು ಸುತ್ತಿಗೆ 0.8 ನ್ಯಾನೊಮೀಟರ್. ಇಂಗಾಲದ ಐದಾರು ಪರಮಾಣುಗಳನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟೋ ಅಷ್ಟು.

ನಾನು ಸುಮ್ಮನೆ ಕೂತುಬಿಟ್ಟೆ. ಚಕ್ರ ಒಮ್ಮೆ ತಿರುಗಿದರೆ ಐದಾರು ಪರಮಾಣು. ಇದನ್ನು ನಾನು ಮಿಲಿಮೀಟರಿನ ಹತ್ತನೇ ಭಾಗ ತೋರಿಸುವ ಕಡ್ಡಿಯಿಂದ ಹಿಡಿಯಲು ಹೊರಟಿದ್ದೆ. ಭಾವ ಹೆಬ್ಬೆರಳಿನಿಂದ.

"ಸವೆದಿದ್ದೆಲ್ಲ ಎಲ್ಲಿ ಹೋಗುತ್ತಪ್ಪಾ?" ಎಂದು ಕೇಳಿದಳು.

ಇಲ್ಲಿಯವರೆಗೆ ಹೋಗಿದೆಯಾ, ಯಾವಾಗ ಹೋಯಿತು, ಎಷ್ಟು ಹೋಯಿತು ಎಂದೇ ತಲೆ ಕೆಡಿಸಿಕೊಂಡಿದ್ದೆ. ಎಲ್ಲಿಗೆ ಹೋಯಿತು ಎಂದು ಕೇಳಿರಲೇ ಇಲ್ಲ. ಧೂಳಾಗಿ ರಸ್ತೆಯಲ್ಲಿ ಬೀಳುತ್ತದೆ, ಮಳೆ ಬಂದರೆ ಚರಂಡಿಗೆ, ಅಲ್ಲಿಂದ ಹೊಳೆಗೆ. ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಮಳೆಯಾದ ಮೇಲೆ ಕೋಹೋ ಸಾಲ್ಮನ್ ಎಂಬ ಮೀನುಗಳು ಮೊಟ್ಟೆ ಇಡುವ ಮೊದಲೇ ರಾಶಿ ರಾಶಿ ಸಾಯುತ್ತಿದ್ದವು. ಕಾರಣ ಗೊತ್ತಿರಲಿಲ್ಲ. 2020ರಲ್ಲಿ ವಿಜ್ಞಾನಿಗಳು ಹಿಡಿದರು, ಟೈರಿನ ಧೂಳು. ಬಿರುಕು ಬಿಡದಿರಲಿ ಎಂದು ರಬ್ಬರಿಗೆ ಬೆರೆಸುತ್ತಾರೆ ಎಂದೆನಲ್ಲ, ಅದರಲ್ಲಿ 6ಪಿಪಿಡಿ ಎಂಬ ಒಂದು ರಾಸಾಯನಿಕ ಓಝೋನಿನ ಜೊತೆ ಸೇರಿ ಮೀನಿಗೆ ವಿಷವಾಗುತ್ತದೆ. ಟೈರನ್ನು ಉಳಿಸುವುದೇ ಮೀನನ್ನು ಕೊಲ್ಲುತ್ತದೆ. ಮಗಳಿಗೆ ಚರಂಡಿಯವರೆಗೆ ಮಾತ್ರ ಹೇಳಿದೆ. ಆ ಭಾನುವಾರ ಗೇಜು ಮುಟ್ಟಲಿಲ್ಲ.

ಆಮೇಲಿನ ವಾರ ಮಳೆ. ತಿರುವಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದೆ, ನನಗೆ ಗೊತ್ತಿರುವುದೇ ಅದು. ಹಿಂದಿನ ಚಕ್ರ ಒಂದು ಅಂಗುಲ ಪಕ್ಕಕ್ಕೆ ಜಾರಿ, ಮತ್ತೆ ಹಿಡಿದುಕೊಂಡಿತು. ಒಂದೇ ಅಂಗುಲ. ಆದರೆ ಹೊಟ್ಟೆಯಲ್ಲಿ ಆದದ್ದು ಅಂಗುಲದ ಲೆಕ್ಕದಲ್ಲಿ ಇರಲಿಲ್ಲ. ಆಹಾ, ಸಿಕ್ಕಿತು ಉತ್ತರ ಎಂದುಕೊಂಡು ನಿಲ್ಲಿಸಿ ಹಿಂದೆ ತಿರುಗಿ ನೋಡಿದರೆ, ಜಾರಿದ ಜಾಗದಲ್ಲಿ ರಸ್ತೆಗೆ ಅಡ್ಡಡ್ಡ ಬಳಿದ ಬಿಳಿ ಪಟ್ಟೆ. ಒದ್ದೆ ಬಣ್ಣದ ಮೇಲೆ ಹೊಸ ಟೈರೂ ಜಾರುತ್ತದೆ. ಒಂದು ತೀರ್ಪು ಸರಿಯಾಗಿ ಸಿಗಲಿ ಎಂದರೆ ಅದಕ್ಕೂ ಬಣ್ಣ ಅಡ್ಡ ಬಂತು.

ಮನೆಗೆ ಬಂದು ಅಳೆದೆ. 1.2. ಬ್ರಿಟನ್ನಿನಲ್ಲಿ ಬದುಕಿದೆ, ಜರ್ಮನಿಯಲ್ಲಿ ಸತ್ತಿದೆ.

ಕೊನೆಗೆ ಸಾಕಾಗಿ ಟೈರಿನ ಅಂಗಡಿಗೆ ಹೋದೆ. ಅಂಗಡಿಯವನ ಕೈಯಲ್ಲಿ ಗೇಜೂ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ನಾನು ಹಿಂದಿನ ಚಕ್ರದ ಪಕ್ಕ ನಿಂತು ಕೆಂಪು ಚುಕ್ಕಿ ತೋರಿಸಲು ಸಿದ್ಧನಾಗುತ್ತಿದ್ದೆ. ಅವನು ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಮುಂದೆ ಹೋಗಿ ಕೂತ.

"ಮುಂದಿನದು ಹೋಗಿದೆ ಸರ್."

"ಮುಂದಿನದಾ?"

"ಕೈ ಇಡಿ ಇಲ್ಲಿ. ಹೀಗೆ ಸವರಿ. ಈಗ ಹಿಂದಕ್ಕೆ."

ಒಂದು ದಿಕ್ಕಿಗೆ ಸವರಿದರೆ ನಯ. ಹಿಂದಕ್ಕೆ ಸವರಿದರೆ ಗರಗಸದ ಹಾಗೆ ಕೈಗೆ ಸಿಕ್ಕಿಕೊಂಡಿತು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಅಲೆ ಅಲೆಯಾಗಿ. "ಬ್ರೇಕಿಗೆ ಹೀಗಾಗುತ್ತೆ. ಹ್ಯಾಂಡಲ್ ನಡುಗ್ತಿರಲಿಲ್ವಾ?" ಎಂದ. ನಡುಗುತ್ತಿತ್ತು. ರಸ್ತೆ ಸರಿಯಿಲ್ಲ ಎಂದುಕೊಂಡು ಇಷ್ಟು ದಿನ ರಸ್ತೆಯವರನ್ನು ಬೈಯುತ್ತಿದ್ದೆ. ಹಿಂದಿನಿಂದ ಬಂದವರಿಗೆಲ್ಲ ಕಾಣುವುದು ಹಿಂದಿನ ಟೈರು. ಅವರು ಹೇಳಿದ್ದನ್ನು ಕೇಳಿ ನಾನೂ ಅದನ್ನೇ ನೋಡುತ್ತಾ ಕೂತಿದ್ದೆ.

"ಮತ್ತೆ ಹಿಂದಿನದು?"

ಅವನು ಕೂತಲ್ಲಿಂದಲೇ ಕತ್ತು ಚಾಚಿ ನೋಡಿದ. "ಅದೂ ಹೋಗಿದೆ. ಆದ್ರೆ ಇಷ್ಟು ಹೋಗಿಲ್ಲ. ಎರಡೂ ಹಾಕ್ಬಿಡ್ಲಾ?"

ಹೋಗಿದೆ, ಆದರೆ ಇಷ್ಟು ಹೋಗಿಲ್ಲ. ಭಾನುವಾರ ಬರುತ್ತೇನೆ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಹ್ಯಾಂಡಲ್ ನಡುಗುವುದನ್ನೇ ಗಮನಿಸಿದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಒಬ್ಬ ಹೆಲ್ಮೆಟ್ಟಿನ ಗಾಜು ಎತ್ತಿದ. ಅವನು ಬಾಯಿ ತೆರೆಯುವ ಮೊದಲೇ "ಗೊತ್ತು, ಗೊತ್ತು" ಎಂದೆ. ಪಾಪ, ಅವನು ದಾರಿ ಕೇಳಲು ಬಂದಿದ್ದ.

ಭಾನುವಾರ ಬಂತು. ಅಂಗಡಿ ತೆರೆಯುವುದು ಹತ್ತಕ್ಕೆ. ಇನ್ನೂ ಸಮಯ ಇತ್ತು. ಮಗಳು ಎದ್ದು ಬಂದು ಮೆಟ್ಟಿಲ ಮೇಲೆ ಕೂತಳು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿ, ಮೇಲೆ ‘ಮುಂದಿನ ಟೈರು’ ಎಂದು ಬರೆದು, ಕೆಳಗೆ ಗೆರೆ ಎಳೆದೆ.

"ನೈಲ್ ಪಾಲಿಶ್ ತರಲಾ ಅಪ್ಪಾ?" ಎಂದಳು.

ಉಬ್ಬಿನಲ್ಲಿ 2.6. ತಗ್ಗಿನಲ್ಲಿ 1.7.